ನೀರಿನ ಮೇಲೆ ನಲವತ್ತು, ಕಾಡಿನ ಮೇಲೆ ಒಂಬತ್ತು

ಕಳೆದ ಸೋಮವಾರ ಮಧ್ಯಾಹ್ನ ಮೂರೂಕಾಲಿಗೆ ಕವಲೇದುರ್ಗದ ಮೇಲೆ ನನ್ನ ವಿಮಾನ ನಿಂತುಹೋಯಿತು. ಬೀಳಲಿಲ್ಲ, ಗಾಳಿಯಲ್ಲೇ ನಿಂತಿತು. ಎಡರೆಕ್ಕೆ ಸ್ವಲ್ಪ ವಾಲಿದಂತೆ ಹನ್ನೊಂದು ಸೆಕೆಂಡ್ ಹಾಗೇ ಇದ್ದು, ಆಮೇಲೆ ಕೋಟೆ ಗುಡ್ಡದ ಆಚೆ ಬದಿಯಲ್ಲಿ ಕಾಣಿಸಿಕೊಂಡಿತು. ನಡುವಿನ ದಾರಿಯನ್ನು ಪರದೆ ತೋರಿಸಲೇ ಇಲ್ಲ. ಮೇಜಿನ ಕೆಳಗೆ ಕಂಪ್ಯೂಟರಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅದರ ಹಿಂಬದಿಯ ಜಾಲರಿಯಿಂದ ಬಿಸಿಯಾದ ಧೂಳಿನ ವಾಸನೆ ಬಂತು.

ಹೊಸದಾಗಿ ಬಂದಿರುವ ವಿಮಾನ ಹಾರಾಟದ ಆಟವೊಂದು ಮನೆಗಳಲ್ಲಿರುವ ಕಂಪ್ಯೂಟರುಗಳಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಿ ಬರೆಯುವ ಕೆಲಸವನ್ನು ಪತ್ರಿಕೆ ನನಗೆ ಕೊಟ್ಟಿತ್ತು. ಈ ಆಟದಲ್ಲಿ ಭೂಮಿಯ ಯಾವ ಮೂಲೆಯ ಮೇಲಾದರೂ ಹಾರಬಹುದು. ಉಪಗ್ರಹದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಇಳಿದು ಬಂದು ಕೆಳಗಿನ ನೆಲವಾಗುತ್ತವೆ. ಅದರ ಮೇಲೆ ಮರ, ಮನೆ, ರಸ್ತೆಗಳನ್ನು ನಿಲ್ಲಿಸುವುದು ನಮ್ಮ ಕಂಪ್ಯೂಟರಿನ ಪಾಲಿನ ಕೆಲಸ. ಅದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದೇ ಅಳತೆ. ಮೂವತ್ತಿದ್ದರೆ ಕಣ್ಣಿಗೆ ಸಲೀಸು. ಹದಿನೈದಕ್ಕಿಳಿದರೆ ವಿಮಾನ ಜಗ್ಗುತ್ತದೆ. ಈ ಅಳತೆಯನ್ನು ಎಲ್ಲಿ ನಿಂತು ತೆಗೆದುಕೊಳ್ಳಬೇಕು ಎಂದು ನನಗೆ ಕಲಿಸಿದವರು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಧೂಳಿನ ಆ ವಾಸನೆ ಅವರ ಅಂಗಡಿಯದು.

ಅಂಗಡಿ ಇದ್ದದ್ದು ಒಂದು ಹೊಲಿಗೆಯವರ ಮಳಿಗೆಯ ಮೇಲಿನ ಮಹಡಿಯಲ್ಲಿ. ಕಡಿದಾದ ಮರದ ಮೆಟ್ಟಿಲು. ಒಳಗೆ ಎರಡು ಮೇಜು, ಒಂದು ಸ್ಟೂಲು, ಗೋಡೆಗೆ ಒರಗಿಸಿಟ್ಟ ಬಿಚ್ಚಿದ ಕಂಪ್ಯೂಟರ್ ಡಬ್ಬಿಗಳು. ಮಳೆಗಾಲದಲ್ಲಿ ರಿಪೇರಿಗೆ ಬಂದ ಯಂತ್ರವನ್ನು ಅವರು ತಕ್ಷಣ ಚಾಲೂ ಮಾಡುತ್ತಿರಲಿಲ್ಲ. ಒಂದು ಹಳೆಯ ಕಪಾಟಿನೊಳಗೆ ಇಟ್ಟು, ಪಕ್ಕದಲ್ಲಿ ಬಲ್ಬು ಉರಿಸಿ, ಬಾಗಿಲು ಮುಚ್ಚುತ್ತಿದ್ದರು. "ಒಣಗ್ಲಿ ಮೊದ್ಲು. ನೆಗಡಿ ಆದವ್ರನ್ನ ಓಡ್ಸಬಾರ್ದು" ಎನ್ನುತ್ತಿದ್ದರು. ಅರ್ಧ ಕಾಯಿಲೆ ಆ ಕಪಾಟಿನಲ್ಲೇ ವಾಸಿಯಾಗುತ್ತಿತ್ತು. ಅದಕ್ಕೆ ದುಡ್ಡು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಹೊಸನಗರ ಕಡೆಯ ಜೈನ ಮನೆತನ ಅವರದು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಐದೂವರೆಗೆ ಶಟರ್ ಎಳೆಯುತ್ತಿದ್ದರು. ಎಷ್ಟೇ ದೊಡ್ಡ ಗಿರಾಕಿ ಮೆಟ್ಟಿಲ ಮೇಲಿದ್ದರೂ ಸರಿ. ಹಾಗಾಗಿ ದಿನದ ಕೊನೆಯ ಕೆಲಸ ನಾಲ್ಕೂವರೆಗೆ ಶುರುವಾಗುತ್ತಿತ್ತು. ಅವರು ಅದನ್ನು 'ರೌಂಡು' ಎಂದು ಕರೆಯುತ್ತಿದ್ದರು.

ಹೊಸದಾಗಿ ಜೋಡಿಸಿದ ಯಾವ ಕಂಪ್ಯೂಟರನ್ನೂ ಅವರು ರೌಂಡು ಹೊಡೆಸದೆ ಕೊಡುತ್ತಿರಲಿಲ್ಲ. ಅದರಲ್ಲಿ ವಿಮಾನದ ಆಟ ಹಾಕಿ, ಸಾಗರದ ಮೇಲಿಂದ ಹೊರಟು, ಹೊನ್ನೆಮರಡಿನ ಹತ್ತಿರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಾಟಿ, ಹೊಸನಗರ, ಕವಲೇದುರ್ಗ, ತೀರ್ಥಹಳ್ಳಿ ಮುಟ್ಟಿ ಮರಳಿ ಸಾಗರ. ಸಣ್ಣ ವಿಮಾನದಲ್ಲಿ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಅಷ್ಟು ಹೊತ್ತು ಯಂತ್ರ ಬಿಸಿಯಾಗಬೇಕು, ಫ್ಯಾನ್ ಕೂಗಬೇಕು, ಕರೆಂಟ್ ಒಂದು ಸಲ ಹೋಗಿ ಬಂದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದಾಗಲೆಲ್ಲ ಅವರದು ಒಂದೇ ಮಾತು: "ಲಿಂಗನಮಕ್ಕಿ ಇಲ್ಲೇ ಇದೆ ಮಾರಾಯ್ರೆ. ನಮ್ಮನೆ ಹಾಲು ಮಾರಿ ನಾವು ಕಪ್ಪು ಚಾ ಕುಡಿಯೋದು." ರೌಂಡು ಮುಗಿಸದ ಯಂತ್ರ ಮರುದಿನಕ್ಕೆ ಉಳಿಯುತ್ತಿತ್ತು. ಗಿರಾಕಿ ಬೈದರೆ ಬೈಯಿಸಿಕೊಳ್ಳುತ್ತಿದ್ದರು.

ಮೂರು ತಾಲ್ಲೂಕುಗಳಿಂದ ಜನ ಅಲ್ಲಿಗೆ ಬರುತ್ತಿದ್ದದ್ದು ಅವರ ಕೈಚಳಕಕ್ಕೆ ಅಲ್ಲ. ಅಂಥ ಕೈ ಶಿವಮೊಗ್ಗದಲ್ಲೂ ಸಿಗುತ್ತಿತ್ತು. ಅವರು ಆಗುತ್ತದೆ ಅಂದರೆ ಆಗುತ್ತಿತ್ತು, ಆಗುವುದಿಲ್ಲ ಅಂದರೆ ಆಗುತ್ತಿರಲಿಲ್ಲ. ಜನ ಬರುತ್ತಿದ್ದದ್ದು ಆ ಮಾತಿಗೆ. ಅಂಗಡಿಯಲ್ಲಿ ಬೆಲೆಬಾಳುವ ಬೇರೆ ಸಾಮಾನು ಏನೂ ಇರಲಿಲ್ಲ.

ಆನ್‌ಲೈನ್ ತರಗತಿಗಳ ಕಾಲದಲ್ಲಿ, ಉಪಗ್ರಹ ಚಿತ್ರ ಬಳಸುವ ಇಂಥ ಆಟ ಮೊದಲ ಸಲ ಬಂದಾಗ, ನಮ್ಮ ಪತ್ರಿಕೆಯ ಪುರವಣಿಗೆ ಅದರ ಬಗ್ಗೆ ಬರೆದವನು ನಾನು. ಕಂಪನಿಯ ಪಟ್ಟಿ ನೋಡಿ ಬರೆಯಲಿಲ್ಲ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹಾಕಿ, ಅರ್ಧ ಗಂಟೆ ಹಾರಿಸಿ, ಅಂಕಿ ಬರೆದುಕೊಂಡೇ ಬರೆದೆ. ಮೂವತ್ತೈದರ ಕೆಳಗೆ ಇಳಿದಿರಲಿಲ್ಲ. 'ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಕಂಪ್ಯೂಟರಿನಲ್ಲೂ ಆಟ ಸಲೀಸು' ಎಂದು ತಲೆಬರಹ ಬಂತು. ತಲೆಬರಹ ಕಚೇರಿಯಲ್ಲಿ ಪ್ರತಿ ತಿದ್ದುವ ಡೆಸ್ಕಿನದು, ಅದರ ಕೆಳಗಿನ ಮಾತು ನನ್ನದೇ.

ಅದು ಪ್ರಕಟವಾದ ವಾರವೇ ಇರಬೇಕು… ಕೀಬೋರ್ಡ್ ರಿಪೇರಿಗೆ ಕೊಡಲು ನಾನು ಅಂಗಡಿಗೆ ಹೋಗಿದ್ದೆ. ಸ್ಟೂಲಿನ ಮೇಲೆ ಕೂತಿದ್ದೆ. ತೀರ್ಥಹಳ್ಳಿಯಿಂದ ಬಂದ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್, ನಿವೃತ್ತಿಗೆ ಹತ್ತಿರದವರು. ಹರೆಯದಲ್ಲಿ ವಾಯುಪಡೆಗೆ ಅರ್ಜಿ ಹಾಕಿ ಕಿವಿಯ ತೊಂದರೆಯಿಂದ ಹೊರಬಿದ್ದವರೆಂದು ಆಮೇಲೆ ತಿಳಿಯಿತು. ಈ ಆಟ ಆಡಲೆಂದೇ ಅವರು ಕಂಪ್ಯೂಟರ್ ಕೇಳಿದ್ದರು. ಚಿತ್ರ ಬಿಡಿಸಲೆಂದೇ ಬೇರೆ ದುಡ್ಡು ಕೊಟ್ಟು ಹಾಕಿಸಬೇಕಾದ ಆ ಕಾರ್ಡ್ ಇಲ್ಲದೆ ಈ ಆಟ ಓಡುವುದಿಲ್ಲ ಎಂದು ಅಂಗಡಿಯವರು ಹಿಂದಿನ ವಾರವೇ ಹೇಳಿ ಕಳಿಸಿದ್ದರಂತೆ. ಈಗ ಲೆಕ್ಚರರ್ ಜೇಬಿನಿಂದ ನಮ್ಮ ಪುರವಣಿಯ ಕತ್ತರಿಸಿದ ತುಂಡು ತೆಗೆದು ಮೇಜಿನ ಮೇಲೆ ಇಟ್ಟರು.

"ಇದೆಂತದು ಮಾರಾಯ್ರೆ? ಪೇಪರ್‌ನಲ್ಲಿ ಓಡ್ತದೆ ಅಂತಿದೆ. ನೀವು ಓಡೋದಿಲ್ಲ ಅಂತೀರಿ."

ಅಂಗಡಿಯವರು ಓದಿದರು. ಬರೆದವನ ಹೆಸರು ಕೆಳಗೆ ಇತ್ತು. ನನ್ನತ್ತ ಒಂದು ಸಲ ನೋಡಿದರು. ಲೆಕ್ಚರರ್‌ಗೆ ನನ್ನ ಪರಿಚಯ ಇರಲಿಲ್ಲ.

"ಓಡೋದಿಲ್ಲ ಸಾರ್," ಎಂದರು.

"ಹಂಗಾದ್ರೆ ಪೇಪರ್‌ನವ್ರು ಸುಳ್ಳು ಬರೀತಾರಾ?"

"ಸುಳ್ಳು ಅಂತ ನಾ ಹೇಳಿಲ್ಲ. ಓಡೋದಿಲ್ಲ ಅಂದೆ."

"ಕಾರ್ಡು ಮಾರ್ಬೇಕು ನಿಮಗೆ. ಅಷ್ಟೇ ತಾನೇ? ಸೀದಾ ಹೇಳಿ. ಜೈನರ ಅಂಗಡೀಲಿ ಮೋಸ ಇಲ್ಲ ಅಂತ ನಾಲ್ಕು ಜನ ಹೇಳಿದ್ರು, ಬಂದೆ."

ಅಂಗಡಿಯವರು ತುಂಡನ್ನು ಮಡಚಿ ವಾಪಸ್ ಕೊಟ್ಟರು. ನಾನು ಕೀಬೋರ್ಡ್ ಹಿಡಿದುಕೊಂಡು ಕೂತಿದ್ದೆ. ಬರೆದವನು ನಾನೇ ಎಂದು ಹೇಳಲು ಅಲ್ಲಿ ಸಮಯ ಇತ್ತು. ಹೇಳಲಿಲ್ಲ. ಲೆಕ್ಚರರ್ ಮೆಟ್ಟಿಲು ಇಳಿದು ಹೋದರು. ಕೆಳಗೆ ಹೊಲಿಗೆಯವರ ಹತ್ತಿರವೂ ಏನೋ ಹೇಳುತ್ತಿದ್ದದ್ದು ಕೇಳಿಸಿತು.

ಆಮೇಲೆ ಅಂಗಡಿಯವರು ಕೇಳಿದರು. "ಪೇಪರ್‌ನವ್ರೇ, ಎಲ್ಲಿ ಹಾರ್ಸಿದ್ರಿ?"

"ಹಿನ್ನೀರಿನ ಮೇಲೆ."

"ಮತ್ತೆ?"

"ಅಷ್ಟೇ. ಅಣೆಕಟ್ಟು, ಹೊನ್ನೆಮರಡು, ದ್ವೀಪಗಳು… ಅಲ್ಲೇ ಅರ್ಧ ಗಂಟೆ."

ಅವರು ನಕ್ಕರು. ಕೋಪದ ನಗು ಆಗಿರಲಿಲ್ಲ. "ಸಾಗರದವ್ರು ಅಂದ್ರೆ ಇದೇ. ವಿಮಾನ ಕೊಟ್ರೂ ಹಿನ್ನೀರು ನೋಡೋಕೆ ಹೋಗ್ತೀರಿ. ನೀರಿನ ಮೇಲೆ ಎಲ್ಲಾ ಮಷೀನೂ ಹಾರ್ತವೆ. ಈ ಕ್ಯಾಲ್ಕ್ಯುಲೇಟರ್ ಕೊಟ್ರೆ ಅದೂ ಹಾರ್ತದೆ. ಅಲ್ಲಿ ಬಿಡ್ಸೋಕೆ ಎಂತ ಇದೆ ಅದಕ್ಕೆ? ನೀಲಿ ಬಳಿದ್ರೆ ಮುಗೀತು. ಕಾಡಿನ ಮೇಲೆ ಬನ್ನಿ. ಒಂದೊಂದು ಮರಾನೂ ನಿಲ್ಲಿಸ್ಬೇಕು."

ಆ ದಿನ ನಾಲ್ಕೂವರೆಗೆ, ನಮ್ಮ ಮನೆಯದರಷ್ಟೇ ಶಕ್ತಿಯ ಯಂತ್ರವೊಂದರಲ್ಲಿ ಅವರು ನನಗೆ ರೌಂಡು ತೋರಿಸಿದರು. ಹಿನ್ನೀರಿನ ಮೇಲೆ ಮೂವತ್ತಾರು. ನೀರು ಮುಗಿದು ಹೊಸನಗರದ ಕಾಡು ಶುರುವಾದಾಗ ಹತ್ತೊಂಬತ್ತು. ಕವಲೇದುರ್ಗಕ್ಕೆ ಇನ್ನೂ ದೂರ ಇದ್ದಾಗ ಹನ್ನೊಂದು, ಆಮೇಲೆ ಏಳು. ಗುಡ್ಡ ಕಲಸಿದ ಹಿಟ್ಟಿನ ಮುದ್ದೆಯಂತೆ ಬಂತು, ಮರಗಳು ಗುಂಪುಗುಂಪಾಗಿ ತಡವಾಗಿ ಎದ್ದವು. ಆಟ ತಾನಾಗಿಯೇ ಮುಚ್ಚಿಕೊಂಡಿತು. ತೀರ್ಥಹಳ್ಳಿ ತಲುಪಲೇ ಇಲ್ಲ. ನನ್ನ ವರದಿಯಲ್ಲಿ ಅಂಕಿ ತಪ್ಪಿರಲಿಲ್ಲ. ಅಳೆದ ಜಾಗ ತಪ್ಪಾಗಿತ್ತು. ಅದನ್ನು ಓದುಗರಿಗೆ ನಾನು ತಿಳಿಸಿರಲಿಲ್ಲ.

ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಅವರು ಒಂದೇ ಒಂದು ವಿಷಯ ಕೇಳಿದರು. "ನನ್ನ ಹೆಸರು ಬೇಡ, ಅಂಗಡಿ ಹೆಸರೂ ಬೇಡ. ಸಾಗರದಲ್ಲಿ ರಿಪೇರಿಯವ್ರು ಒಬ್ರು ಓಡೋದಿಲ್ಲ ಅಂದಿದ್ರು, ಅವರು ಹೇಳಿದ್ದು ಸರಿ ಇತ್ತು ಅಂತ ಒಂದು ಸಾಲು ಹಾಕಿ. ಯಾರು ಅಂತ ಜನಕ್ಕೆ ಗೊತ್ತಾಗ್ತದೆ."

ನಾನು ಐದು ಸಾಲು ಬರೆದು ಕಳಿಸಿದೆ. ಮೂರು ಸಾಲು ಅಚ್ಚಾಯಿತು. ಕಾಡು ಪ್ರದೇಶಗಳ ಮೇಲೆ ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ಅಗತ್ಯ ಎಂದು ಓದಿಕೊಳ್ಳಬೇಕು, ಪ್ರಮಾದಕ್ಕೆ ವಿಷಾದಿಸುತ್ತೇವೆ. ರಿಪೇರಿಯವರ ಸಾಲು ಇರಲಿಲ್ಲ. ಜಾಗ ಇರಲಿಲ್ಲವೋ, ಜಾಹೀರಾತಿನಂತೆ ಕಂಡಿತೋ, ನಾನು ಫೋನ್ ಮಾಡಿ ಕೇಳಲಿಲ್ಲ. ಅಂಥವನ್ನು ಡೆಸ್ಕಿಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಪತ್ರಿಕೆ ತೆಗೆದುಕೊಂಡು ಅಂಗಡಿಗೆ ಹೋದೆ. ಅವರು ನಿಂತೇ ಓದಿದರು.

"ಸರಿ ಇದೆ," ಎಂದರು. "ನಿಮ್ದು ಸರಿ ಆಯ್ತು."

ಆ ಮಾತು ಅಲ್ಲಿಗೆ ಮುಗಿಯಿತು. ಕೀಬೋರ್ಡ್ ಸಿದ್ಧವಾಗಿತ್ತು, ಕೊಟ್ಟರು.

ಮುಂದಿನ ತಿಂಗಳುಗಳಲ್ಲಿ ತೀರ್ಥಹಳ್ಳಿ ಕಡೆಯ ಗಿರಾಕಿಗಳು ಬರುವುದು ನಿಂತಿತು ಎಂದು ಕೆಳಗಿನ ಹೊಲಿಗೆಯವರು ಹೇಳಿದರು. ಲೆಕ್ಚರರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಅಂಗಡಿಯ ಹೆಸರು ಹಾಕಿ 'ಬೇಡದ ಕಾರ್ಡ್ ತಗುಲಿಸುತ್ತಾರೆ, ಎಚ್ಚರ' ಎಂದು ಯಾರೋ ಬರೆದಿದ್ದರು. ಅದನ್ನು ಒಬ್ಬ ಗಿರಾಕಿಯೇ ಅಂಗಡಿಯವರಿಗೆ ತೋರಿಸಿದ್ದನಂತೆ. ಅಂಗಡಿ ಮುಚ್ಚಲು ಅದೊಂದೇ ಕಾರಣ ಎಂದು ನಾನು ಬರೆಯಲಾರೆ. ಜನ ಕಂಪ್ಯೂಟರ್ ಬಿಟ್ಟು ಫೋನಿಗೆ ಹೋಗಿದ್ದರು, ಅವರಿಗೆ ಮಂಡಿನೋವು ಇತ್ತು, ಮೆಟ್ಟಿಲು ಕಡಿದಾಗಿತ್ತು… ಆದರೆ ರೌಂಡು ನಿಂತದ್ದು ಅಂಗಡಿ ಮುಚ್ಚುವುದಕ್ಕೂ ಮೊದಲು. ಒಂದು ದಿನ ಐದು ಗಂಟೆಗೆ ಹೋದಾಗ ಪರದೆ ಕಪ್ಪಾಗಿತ್ತು. ಕೇಳಿದೆ. "ಈಗ ಯಾರು ಕೇಳ್ತಾರೆ? ಓಡ್ತದೆ ಅಂದ್ರೆ ಸಾಕು ಅಂತಾರೆ" ಎಂದರು.

ಅವರು ಊರಿಗೆ ವಾಪಸ್ ಹೋದರು. ಎರಡು ಮಳೆಗಾಲಗಳ ನಂತರ ತೀರಿಕೊಂಡರು. ನಿಧನ ವಾರ್ತೆಯನ್ನು ಪತ್ರಿಕೆಗೆ ಕಳಿಸಿದವನು ನಾನೇ. ಕಂಪ್ಯೂಟರ್ ದುರಸ್ತಿ ವೃತ್ತಿಯಲ್ಲಿದ್ದರು, ಪತ್ನಿ ಹಾಗೂ ಪುತ್ರಿ ಇದ್ದಾರೆ, ಅಂತ್ಯಕ್ರಿಯೆ ಹೊಸನಗರ ತಾಲ್ಲೂಕಿನಲ್ಲಿ ನಡೆಯಿತು. ಅಳತೆಗೆ ಸರಿಯಾಗಿ ಇತ್ತು. ಯಾವ ಸಾಲೂ ಕಡಿತವಾಗಲಿಲ್ಲ.

ಹೊಸ ಆಟದ ಫಲಿತಾಂಶ ಹೀಗಿದೆ. ಆರು ವರ್ಷ ಹಳೆಯ ಪ್ರೊಸೆಸರ್, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಇರುವ ಮನೆ ಕಂಪ್ಯೂಟರಿನಲ್ಲಿ ಹಿನ್ನೀರಿನ ಮೇಲೆ ನಲವತ್ತು, ಹೊಸನಗರದ ಮೇಲೆ ಇಪ್ಪತ್ತೆರಡು, ಕವಲೇದುರ್ಗದ ಮೇಲೆ ಒಂಬತ್ತು. ಮರಗಳ ಸಂಖ್ಯೆಯನ್ನು ಅತಿ ಕಡಿಮೆಗೆ ಇಳಿಸಿದರೆ ಇಪ್ಪತ್ತನಾಲ್ಕಕ್ಕೆ ಏರುತ್ತದೆ, ಆದರೆ ಗುಡ್ಡ ಬೋಳಾಗಿ ಕಾಣುತ್ತದೆ. ಇಂಟರ್ನೆಟ್ ನಿಧಾನವಾದರೆ ಮನೆಗಳು ವಿಮಾನ ದಾಟಿ ಹೋದ ಮೇಲೆ ಮೂಡುತ್ತವೆ. ಮಲೆನಾಡಿನ ಮೇಲೆ ಹಾರಬೇಕೆನ್ನುವವರಿಗೆ ಇಂಥ ಯಂತ್ರ ಸಾಲುವುದಿಲ್ಲ. ಅಳೆದ ಮೂರು ಜಾಗಗಳನ್ನೂ ಈ ಸಲ ವರದಿಯಲ್ಲಿ ಹಾಕಿದ್ದೇನೆ.

ವರದಿ ಕಳಿಸಿದ ಮರುದಿನ, ಮಂಗಳವಾರ, ಕಾಲೇಜಿನಿಂದ ನಂಬರ್ ಪಡೆದು ತೀರ್ಥಹಳ್ಳಿಯ ಆ ಲೆಕ್ಚರರ್‌ಗೆ ಫೋನ್ ಮಾಡಿದೆ. ಈಗ ನಿವೃತ್ತರು. ಆ ಹಳೆಯ ವರದಿ ಬರೆದವನು ನಾನು, ಅದು ತಪ್ಪಾಗಿತ್ತು, ಅಂಗಡಿಯವರು ಹೇಳಿದ್ದೇ ಸರಿ ಎಂದು ಹೇಳಿದೆ.

"ಗೊತ್ತು ಮಾರಾಯ್ರೆ," ಎಂದರು. "ಬೇರೆ ಕಡೆ ತಗೊಂಡೆ, ಕಾರ್ಡ್ ಇಲ್ದೆ. ಒಂದು ವಾರಕ್ಕೇ ಗೊತ್ತಾಯ್ತು. ತೀರ್ಥಹಳ್ಳಿಯಿಂದ ಮಂಗಳೂರಿಗೆ ಹೊರಟ್ರೆ ಆಗುಂಬೆ ದಾಟ್ಲಿಲ್ಲ ಅದು."

"ಅವರಿಗೆ ಹೇಳಿದ್ರಾ?"



"ಅವ್ರು ಹೇಳಿದ್ದೇ ಸರಿ ಅಂತ ನೀವು ಪೇಪರ್‌ನಲ್ಲಿ ಹಾಕ್ತೀರಿ ಅಂದ್ಕೊಂಡಿದ್ದೆ," ಎಂದರು. ಆಮೇಲೆ, "ಈಗ ಅಂಗಡಿ ಎಲ್ಲಿ ಇಟ್ಟಿದಾರೆ? ಒಂದ್ಸಲ ಹೋಗಿ ಬರ್ತೀನಿ" ಎಂದು ಕೇಳಿದರು. ತೀರಿಕೊಂಡದ್ದನ್ನು ತಿಳಿಸಿದೆ.

ಹಳೆಯ ವರದಿ ಪತ್ರಿಕೆಯ ಜಾಲತಾಣದಲ್ಲಿ ಈಗಲೂ ಇದೆ. ತಿದ್ದುಪಡಿ ಬಂದದ್ದು ಅಚ್ಚಿನ ಪ್ರತಿಯಲ್ಲಿ ಮಾತ್ರ. ಅದನ್ನು ರಿಪೇರಿಯವರ ಸಾಲೂ ಸೇರಿದ ಐದು ಸಾಲಿನಲ್ಲೇ, ವರದಿಯ ಕೆಳಗೆ ಸೇರಿಸಬೇಕೆಂದು ಬುಧವಾರ ಡೆಸ್ಕಿಗೆ ಬರೆದೆ. ಹಳೆಯ ಪುಟಗಳು ಈಗಿನ ವ್ಯವಸ್ಥೆಯಲ್ಲಿ ತಿದ್ದಲು ತೆರೆದುಕೊಳ್ಳುವುದಿಲ್ಲ ಎಂದು ಶುಕ್ರವಾರ ಬೆಳಿಗ್ಗೆ ಉತ್ತರ ಬಂದಿದೆ.