ಭಾನುವಾರದ ಕಾರ್ಟೂನು, ಯಂಕಣ್ಣನ ಕಾರ್ಣಿಕ

ಮಕ್ತಲಿನ ಕೇಬಲ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ವರ್ಷಗಳಲ್ಲಿ, ಮನುಷ್ಯನೊಬ್ಬ ತನ್ನ ಬಾಯಿಗೆ ತಾನೇ ಹೆದರುವುದನ್ನು ನಾನು ಕಂಡೆ. ಅವನು ಯಂಕಣ್ಣ, ನಮ್ಮ ಲೈನ್‌ಮನ್. ಮಂಗ ವೈರು ಹರಿದರೂ ಬೈಸಿಕೊಳ್ಳುವವನು ಅವನೇ, ಮಳೆಗೆ ಚಾನೆಲ್ ಹೋದರೂ ಬೈಸಿಕೊಳ್ಳುವವನು ಅವನೇ. ಕಂಬ ಹತ್ತುವಾಗ ಹೆದರದ ಮನುಷ್ಯ, ಮಕ್ಕಳ ಕಾರ್ಟೂನಿನಿಂದ ಹೆದರಿ ಒಣಗಿಹೋದ.

ನಮ್ಮ ಲೋಕಲ್ ಚಾನೆಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕಾರ್ಟೂನ್ ಹಾಕೋಣ ಎಂದವರು ಓನರ್ ಶಿವಶಂಕರಪ್ಪನವರು. ಹಾಕಿದೆವು. ಆದರೆ ನಮ್ಮ ಕಂಪ್ಯೂಟರ್ ಎಂಥ ಮುದಿ ಎತ್ತು ಎಂದರೆ, ಒಂದು ಕಾರ್ಟೂನ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ನಿಂತಲ್ಲೇ ನಿಂತುಬಿಡುತ್ತಿತ್ತು. ಆ ಸಂದು ತುಂಬಲು ಯಾರಾದರೂ ಕ್ಯಾಮೆರಾ ಮುಂದೆ ಕೂತು ಮಾತಾಡಬೇಕಿತ್ತು. ‘ಹರಿತಾ, ನೀ ಕೂಡು’ ಎಂದರು. ನಾನು ಒಲ್ಲೆ ಎಂದೆ. ಮರುವಾರ ಯಂಕಣ್ಣ ಕರಿ ಕಂಬಳಿ ಹೊದ್ದು, ಕರಡಿಕೂದಲ ಟೋಪಿ ಇಟ್ಟು, ಡಮರುಗ ಹಿಡಿದು ಬಂದ.

ಅವೆಲ್ಲ ತೀರಿಹೋದ ಅವನ ಅಪ್ಪನವು. ಅಪ್ಪ ಮೈಲಾರಲಿಂಗನ ಗೊರವಯ್ಯ. ಮೈಲಾರನ ಕಾರ್ಣಿಕ ನುಡಿಯುವ ಗೊರವಯ್ಯ ದಿನಗಟ್ಟಲೆ ಉಪವಾಸ ಇರುತ್ತಾನೆ. ಆಮೇಲೆ ಕಂಬದಷ್ಟು ಎತ್ತರದ ಬಿಲ್ಲು ಏರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ, ಮುಂದಾಗುವುದನ್ನು ಒಂದೇ ಮಾತಿನಲ್ಲಿ ಹೇಳಿ, ಕೊನೆಗೆ ‘ಪರಾಕ್’ ಎನ್ನುತ್ತಾನೆ. ಜನ ಆ ಮಾತು ಹೊತ್ತುಕೊಂಡು ಮನೆಗೆ ಹೋಗಿ ವರ್ಷವಿಡೀ ಅರ್ಥ ಹುಡುಕುತ್ತಾರೆ. ಯಂಕಣ್ಣ ಅದನ್ನೇ ಮಕ್ಕಳಾಟ ಮಾಡಿದ. ‘ಸದ್ದಲೇ’ ಎಂದರೆ ಊರ ಮಕ್ಕಳೆಲ್ಲ ಟಿವಿ ಮುಂದೆ ಗಪ್‌ಚುಪ್. ‘ಇಡ್ಲಿಗೆ ರೆಕ್ಕಿ ಬಂತಲೇ ಪರಾಕ್’ ಎಂದರೆ ಮನೆಮನೆಯಲ್ಲಿ ನಗು. ನಲವತ್ತೂ ತುಂಬದವನು ಎಲ್ಲರಿಗೂ ‘ಗೊರವ ತಾತ’ ಆದ. ಮಕ್ಕಳು ಫೋನ್ ಮಾಡಿ ಮಾತಾಡುವರು, ಅವರ ದನಿ ನೇರ ಟಿವಿಯಲ್ಲೇ ಕೇಳುತ್ತಿತ್ತು.

ಅವನ ತಾಯಿ ಮೈಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಉಂಡ ಬಾಯಿಂದ ಕಾರ್ಣಿಕ ಬರಬಾರದು, ಬಂದರೆ ಅದು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು ಎಂದು ಗೊಣಗುತ್ತಿದ್ದಳು. ನಾವು ಮುದುಕಿಯ ಮಾತು ಎಂದು ಬಿಟ್ಟೆವು.

ಒಂದು ಮಳೆಗಾಲದ ಭಾನುವಾರ, ತಡವಾಗಿ ಏಳುವ ಮಕ್ಕಳನ್ನು ಕಾಡಿಸಲು ಅವನು ‘ಹೊಳಿ ಹಾಸಿಗಿ ಬಿಟ್ಟು ಎದ್ದಿತಲೇ ಪರಾಕ್’ ಎಂದ. ಅದೇ ವಾರ ಮೇಲಿನ ಡ್ಯಾಮಿನ ಗೇಟು ತೆಗೆದರು. ಕೃಷ್ಣೆ ದಂಡೆ ಮೀರಿ ಹೊಲಕ್ಕೆ ನುಗ್ಗಿತು, ಕುರಿಗಳು ಕೊಚ್ಚಿಹೋದವು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಪ್ರತಿ ಮಳೆಗಾಲಕ್ಕೂ ಗೇಟು ತೆಗೆಯುತ್ತಾರೆ, ಪ್ರತಿ ಸಲವೂ ಹೊಳೆ ಏರುತ್ತದೆ. ಯಾರು ಕೇಳಬೇಕು! ಮುಂದಿನ ಭಾನುವಾರ ಕಾರ್ಟೂನ್ ನೋಡಲು ಮಕ್ಕಳ ಹಿಂದೆ ದೊಡ್ಡವರೂ ಕೂತರು. ಅವರು ನಗಲು ಕೂತಿರಲಿಲ್ಲ.

ಅವತ್ತಿನಿಂದ ಯಂಕಣ್ಣ ಬದಲಾದ. ಸಿಡಿಲು, ಬೆಂಕಿ, ಬಾವಿ ಯಾವುದರ ಹೆಸರೂ ಎತ್ತಲೊಲ್ಲ. ‘ಬೆಕ್ಕಿಗೆ ಮೀಸಿ ಬಂತು’ ಎಂದದ್ದಕ್ಕೂ ಒಬ್ಬಳು ಆಫೀಸಿಗೆ ಬಂದು, ನಮ್ಮ ಮನೆಯ ಬೆಕ್ಕು ಸತ್ತಿತು ಎಂದು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಏಣಿ ಹೆಗಲಿಗೇರಿಸಿ ಹಿಂಬಾಗಿಲಿನಿಂದ ಹೊರಟುಹೋದ.

ಹೀಗಿರುವಾಗ ಕಿರಾಣಿ ಅಂಗಡಿಯ ವೀರಬಸಮ್ಮ ಬಂದಳು. ಅವಳ ಮಗ ಸಿದ್ದರಾಮೇಶ ಎರಡನೇ ಕ್ಲಾಸಿನ ಹುಡುಗ, ಹುಟ್ಟಿನಿಂದಲೇ ಹೃದಯದಲ್ಲಿ ತೂತು. ಹೈದರಾಬಾದಿನಲ್ಲಿ ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರು. ಇನ್ನು ತಡಮಾಡಿದರೆ ಹುಡುಗ ಉಳಿಯುವುದಿಲ್ಲ ಎಂದಿದ್ದರು. ಹುಡುಗನೋ ಮನೆಯ ಬಾಗಿಲ ಚೌಕಟ್ಟು ಹಿಡಿದು ಕೂತಿದ್ದ. ಗೊರವ ತಾತ ಟಿವಿಯಲ್ಲಿ ಹೇಳಿದರೆ ಮಾತ್ರ ಹೋಗುತ್ತೇನೆ ಎಂಬುದೇ ಅವನ ಹಟ.

“ಯಕ್ಕಾ, ನಂದು ಸುಳ್ಳು ಕಾರ್ಣಿಕ್ರಿ,” ಎಂದ ಯಂಕಣ್ಣ.

“ಹೊಳಿ ಸುಳ್ಳಿತ್ತೇನಪ್ಪಾ?” ಎಂದಳು ವೀರಬಸಮ್ಮ.

ಅವಳು ಹೋದ ಮೇಲೆ ಅವನು ಕುರ್ಚಿಯಲ್ಲಿ ಕುಸಿದ. ಹೇಳದಿದ್ದರೆ ಹುಡುಗ ಆಸ್ಪತ್ರೆಗೆ ಹೋಗುವುದಿಲ್ಲ. ಹೇಳಿದ ಮೇಲೆ ಹುಡುಗ ಬದುಕದಿದ್ದರೆ? ಅದಕ್ಕಿಂತ ದೊಡ್ಡ ಹೆದರಿಕೆಯೊಂದು ಅವನಿಗಿತ್ತು, ಅದನ್ನು ನನಗೊಬ್ಬಳಿಗೇ ಹೇಳಿದ. ಹುಡುಗ ಬದುಕಿಬಿಟ್ಟರೆ ಊರು ತನ್ನನ್ನು ಬಿಡುವುದಿಲ್ಲ, ಹಾಸಿಗೆ ಹಿಡಿದವರೆಲ್ಲ ತನ್ನ ಬಾಗಿಲಿಗೆ ಬರುತ್ತಾರೆ ಎಂದ. ಏನಾದರೂ ಒಂದು ಹೇಳಿ ಮುಗಿಸು, ನಿನ್ನದು ಅತಿಯಾಯಿತು ಎಂದು ನಾನು ಸಿಡುಕಿದೆ.

ಆ ವಾರ ಅವನು ಅನ್ನ ಮುಟ್ಟಲಿಲ್ಲ. ಬರೇ ಮಜ್ಜಿಗೆ. ಅಪ್ಪ ಮಾಡುತ್ತಿದ್ದ ಹಾಗೆ ತಣ್ಣೀರು ಸ್ನಾನ, ನೆಲದ ಮೇಲೆ ಮಲಗುವುದು. ಇಷ್ಟು ದಿನ ಗೊಣಗುತ್ತಿದ್ದ ಮೈಲಮ್ಮ ಈಗ ಬಾಯಿಬಿಡದೆ ಅವನ ಕಂಬಳಿ ಒಗೆದು ಬಿಸಿಲಿಗೆ ಹಾಕಿದಳು. ನನಗೆ ಅವಳ ಗೊಣಗಾಟಕ್ಕಿಂತ ಆ ಮೌನವೇ ಹೆದರಿಕೆ ತಂದಿತು.

ಭಾನುವಾರ ಬಂತು. ಒಂದು ಕಾರ್ಟೂನ್ ಮುಗಿಯಿತು. ನಾನು ಕ್ಯಾಮೆರಾ ಅವನ ಮೇಲೆ ಬಿಟ್ಟೆ. ಅವನ ತುಟಿ ಒಣಗಿ ಬಿರಿದಿತ್ತು. ‘ಸದ್ದಲೇ’ ಎಂದ. ಆಫೀಸಿನ ಮುಂದಿನ ಚಹಾದಂಗಡಿಯಲ್ಲೂ ಜನ ಮಾತು ನಿಲ್ಲಿಸಿದರು. ಅವನು ಎಷ್ಟು ಹೊತ್ತು ಸುಮ್ಮನಿದ್ದ ಎಂದರೆ, ಕಂಪ್ಯೂಟರ್ ಮತ್ತೆ ನಿಂತಿತೇನೋ ಎಂದು ಪರದೆ ನೋಡಿಕೊಂಡೆ. ಆಮೇಲೆ ಹೇಳಿದ: “ಗೂಡು ಬಿಟ್ಟ ಗುಬ್ಬಿ ಗೂಡಿಗೆ ಬಂತಲೇ ಪರಾಕ್.”

ಮರುದಿನ ಸಿದ್ದರಾಮೇಶ ತಾನಾಗಿಯೇ ಬಸ್ಸು ಹತ್ತಿದನಂತೆ.

ಆಮೇಲಿನ ದಿನಗಳಲ್ಲಿ ಯಂಕಣ್ಣ ಕಿರಾಣಿ ಅಂಗಡಿಯ ಓಣಿಯಲ್ಲಿ ಕಾಲಿಡಲಿಲ್ಲ. ಅಲ್ಲಿ ವೈರು ಕೆಟ್ಟಾಗಲೂ ಬೇರೆಯವರನ್ನು ಕಳಿಸಿದ. ಮುಂದಿನ ಭಾನುವಾರ ಕ್ಯಾಮೆರಾ ಮುಂದೆ ಕೂತಾಗಲೂ ಹುಡುಗನ ಸುದ್ದಿ ಇರಲಿಲ್ಲ. ಕೇಳಲು ನಮಗ್ಯಾರಿಗೂ ಧೈರ್ಯವಿರಲಿಲ್ಲ. ಡಮರುಗ ಎತ್ತಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಸ್ಪೀಕರ್ ಹಾಕಿದೆ.

“ತಾತಾ, ನಾ ಸಿದ್ದರಾಮೇಶ. ನಂದು ಆಪರೇಷನ್ ಆತು. ಇಲ್ಲಿ ದವಾಖಾನಿಯಾಗ ನಿನ್ನ ಚಾನೆಲ್ ಬರಂಗಿಲ್ಲ. ಅದಕ್ಕ ಫೋನ್ ಮಾಡೀನಿ.”

ದನಿ ಕ್ಷೀಣವಾಗಿತ್ತು, ಆದರೆ ಅವನದೇ. ಯಂಕಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೊರಗೆ ಯಾರೋ ‘ಏಳುಕೋಟಿಗೋ’ ಎಂದು ಮೈಲಾರನ ಹೆಸರು ಹಿಡಿದು ಕೂಗಿದರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಆದರೆ ಹುಡುಗ ಫೋನ್ ಇಟ್ಟಿರಲಿಲ್ಲ. “ತಾತಾ, ನನ್ನ ಬಾಜೂ ಮಂಚದಾಗ ಅಲಂಪುರದ ಹುಡುಗಿ ಅದಾಳ. ನಾಳಿ ಆಕಿದು ಆಪರೇಷನ್. ಭಾಳ ಅಂಜ್ಯಾಳ. ಆಕಿಗೂ ಒಂದು ಹೇಳು.”

ಯಂಕಣ್ಣನ ಮುಖದಲ್ಲಿ ಆಗತಾನೇ ಬಂದಿದ್ದ ರಕ್ತ ಇಳಿಯುವುದನ್ನು ನಾನು ಪರದೆಯಲ್ಲಿ ಕಂಡೆ. ಆ ಬೆಳಿಗ್ಗೆ ಅವನು ಹೊಟ್ಟೆತುಂಬ ಉಂಡು ಬಂದಿದ್ದ. ಮೆಲ್ಲಗೆ ಕರಡಿಕೂದಲ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಮಕ್ಕಳು ಅವನ ತಲೆ ಕಂಡದ್ದು ಅವತ್ತೇ.

“ನಾ ಲೈನ್‌ಮನ್ ಯಂಕಣ್ಣ ಅದೀನಿ, ಮಗಾ. ನನಗೇನೂ ಗೊತ್ತಿಲ್ಲ. ಡಾಕ್ಟರ್ ಮಾತು ಕೇಳ್ರಿ.”

“ಹಂಗಾರ ನಂಗ ಹೇಳಿದ್ದೂ ಸುಳ್ಳೇನು, ತಾತಾ?”

ಯಂಕಣ್ಣ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದ. ನಾನು ಫೋನ್ ಕತ್ತರಿಸಿ ಕಾರ್ಟೂನ್ ಹಾಕಿದೆ. ಆ ಹಾಳು ಕಂಪ್ಯೂಟರ್ ಅದೊಂದು ಸಲ ಮಾತ್ರ ತಕ್ಷಣ ಓಡಿತು.

ಅದೇ ಕೊನೆ. ಮುಂದಿನ ವಾರದಿಂದ ಕಾರ್ಟೂನ್ ಬಂದ್ ಎಂದು ಶಿವಶಂಕರಪ್ಪನವರು ಪರದೆಯ ಕೆಳಗೆ ಅಕ್ಷರದ ಪಟ್ಟಿ ಓಡಿಸಿದರು. ಕಂಬಳಿ ಮೈಲಮ್ಮನ ಪೆಟ್ಟಿಗೆ ಸೇರಿತು. ಈಗ ಮಕ್ಕಳಿಗೆ ಮೊಬೈಲ್ ಇದೆ, ಯಾವ ತಾತನೂ ಬೇಕಿಲ್ಲ. ಸಿದ್ದರಾಮೇಶ ಸೈಕಲ್ ತುಳಿಯುತ್ತ ಶಾಲೆಗೆ ಹೋಗುತ್ತಾನೆ.

ಅಲಂಪುರದ ಹುಡುಗಿಯ ವಿಷಯ ವೀರಬಸಮ್ಮ ನನಗೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಳು. ಆ ಹುಡುಗಿ ಆಪರೇಷನ್ ಟೇಬಲ್ಲಿನಿಂದ ಏಳಲಿಲ್ಲ. ಎಲ್ಲ ಆಪರೇಷನ್ನೂ ಗೆಲ್ಲುವುದಿಲ್ಲ, ಅಷ್ಟೇ ಎಂದು ನಾನು ನನಗೇ ಹೇಳಿಕೊಂಡೆ. ಎಷ್ಟು ಸಲ ಹೇಳಿಕೊಂಡರೂ ಎದೆ ತಣ್ಣಗಾಗಲಿಲ್ಲ.

ಮೊನ್ನೆ ಯಂಕಣ್ಣ ನಮ್ಮ ಮನೆಯ ವೈರು ಸರಿಮಾಡಲು ಬಂದಿದ್ದ. ರೊಟ್ಟಿ ತಿನ್ನಲು ಕೂಡಿಸಿದೆ. ತಟ್ಟೆ ನೋಡುತ್ತಲೇ, ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ: “ಹರಿತಾ, ಆ ಹುಡುಗಿ ಏನಾತವ್ವಾ?”

“ಆರಾಮ ಅದಾಳಂತಣ್ಣ,” ಎಂದೆ. “ಸಾಲಿಗೆ ಹೋಗ್ತಾಳಂತ.”

ಅವನು ದೊಡ್ಡ ಉಸಿರು ಬಿಟ್ಟ. “ನಾ ಹೇಳದಿದ್ರೂ ಬದುಕ್ಯಾಳ ಅನ್ನು,” ಎಂದು ನಕ್ಕು, ಇನ್ನೊಂದು ರೊಟ್ಟಿ ಕೇಳಿದ.