ತೊಳಿಸಿದ ಹಲ್ಲಿಗೆ ಕ್ಲಿಪ್ಪು

ನಾನು ಹರಪನಹಳ್ಳಿಯಲ್ಲಿ ವಕ್ರದಂತ ಚಿಕಿತ್ಸೆಯ ಕ್ಲಿನಿಕ್ ತೆರೆದು ಹನ್ನೊಂದು ವರ್ಷವಾಯಿತು. ನಮ್ಮ ಜನ ಅದಕ್ಕೆ ಕ್ಲಿಪ್ ಹಾಕೋದು ಅನ್ನುತ್ತಾರೆ. ಹಲ್ಲನ್ನು ಸಾಲಿಗೆ ಎಳೆಯುವ ತಂತಿ ಕೂರಲು ಒಂದೊಂದು ಹಲ್ಲಿಗೂ ಅಂಟಿಸುವ ಪುಟ್ಟ ಲೋಹದ ತುಂಡೇ ಬ್ರಾಕೆಟ್. ನಾನು ಅಂಟಿಸಿದ ಬ್ರಾಕೆಟ್ ಸುಮ್ಮಸುಮ್ಮನೆ ಬೀಳುವುದಿಲ್ಲ. ಜಂಬ ಅಂದರೂ ಅನ್ನಿ.

ಎರಡು ವರ್ಷದ ಹಿಂದೆ ಪಂಕ್ಚರ್ ಅಂಗಡಿಯ ರಫೀಕ್ ಸಾಬರು ಮಗಳನ್ನು ಕರೆದುಕೊಂಡು ಬಂದರು. ನನ್ನ ಹಳೇ ಸ್ಕೂಟರ್ ಇನ್ನೂ ಓಡುತ್ತಿರುವುದೇ ಅವರ ಕೈಗುಣದಿಂದ. ಮಗಳು ನಸ್ರೀನ್ ಶಾಲೆಯೊಂದರಲ್ಲಿ ಟೀಚರ್. ಮುಂದಿನ ಹಲ್ಲು ಉಬ್ಬಿದ್ದರಿಂದ ಪಾಠ ಮಾಡುವಾಗಲೂ ದುಪಟ್ಟಾ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳಂತೆ. ಬೇರೆ ಊರಲ್ಲಿ ಕ್ಲಿಪ್ ಹಾಕಿಸಿದ ವಾರದೊಳಗೇ ನಾಲ್ಕು ಬ್ರಾಕೆಟ್ ಉದುರಿದ್ದವು. ಮತ್ತೆ ಅಂಟಿಸಿಕೊಂಡು ಬಂದಳು, ಮತ್ತೆ ಉದುರಿದವು. ಕದ್ದು ಖಡಕ್ ರೊಟ್ಟಿ ತಿಂತಾಳೆ ಅಂತ ಅಲ್ಲಿಯೂ ಅಂದರು, ಮನೆಯಲ್ಲೂ ಅಂದರು. ಕಿವುಚಿದ ಅನ್ನ ಬಿಟ್ಟು ಬೇರೇನೂ ಮುಟ್ಟಿಲ್ಲ ಅಂತ ಅವಳು ಹೇಳಿದರೆ ನಂಬುವವರಿರಲಿಲ್ಲ.

“ಎಲ್ಲಾ ಕಿತ್ತುಬಿಡ್ರಿ ಮೇಡಂ. ಬಾಯಿ ಕಟ್ಟಾಕ ಆಗದಾಕಿಗೆ ಕ್ಲಿಪ್ ಯಾಕ?” ಅಂದರು ಸಾಬರು. ನಸ್ರೀನಳ ಕಣ್ಣು ತುಂಬಿತು. ನನಗೆ ಸಿಟ್ಟು ಬಂತು, ಆದರೆ ಸಿಟ್ಟಿನಿಂದ ಹಲ್ಲು ಸರಿಹೋಗುತ್ತದೆಯೇ?

ಬಿದ್ದ ಬ್ರಾಕೆಟ್‌ಗಳನ್ನು ಅವಳು ಕಾಗದದಲ್ಲಿ ಸುತ್ತಿ ತಂದಿದ್ದಳು. ಅಂಟೆಲ್ಲ ಅವುಗಳ ಬೆನ್ನಿಗೇ ಉಳಿದಿತ್ತು. ಹಲ್ಲಿನ ಮೇಲೆ ಒಂದು ಚೂರೂ ಇರಲಿಲ್ಲ. ರೊಟ್ಟಿ ಕಡಿದು ಕಿತ್ತುಬಂದಿದ್ದರೆ ಸಾಮಾನ್ಯವಾಗಿ ಹಲ್ಲಿನ ಮೇಲೂ ಸ್ವಲ್ಪ ಉಳಿಯುತ್ತದೆ. ಇಲ್ಲಿ ಅಂಟು ಹಲ್ಲನ್ನು ಹಿಡಿದೇ ಇರಲಿಲ್ಲ. ಕ್ಲಿಪ್ ಹಾಕಿಸುವ ಮುಂಚೆ ಏನಾದರೂ ಮಾಡಿಸಿದ್ದೆಯಾ ಅಂತ ಕೇಳಿದೆ. ಹಿಂದಿನ ದಿನ ಹಲ್ಲು ತೊಳಿಸಿದ್ದೆ ಅಂದಳು.

ನಮ್ಮ ಕಡೆ ‘ತೊಳಿಸೋದು’ ಅಂದರೆ ಹಲ್ಲಿನ ಕೊಳೆ, ಪಾಚಿ ತೆಗೆಸುವುದು. ಅದರಿಂದ ಬ್ರಾಕೆಟ್‌ಗೆ ಏನೂ ಬಾಧೆಯಿಲ್ಲ. ಆದರೆ ಕಂದು ಕಲೆ ಹಿಡಿಸುವ ನಮ್ಮ ಬೋರ್‌ವೆಲ್ ನೀರು ಕುಡಿದು ಬೆಳೆದ ಹಲ್ಲು ಇಷ್ಟು ಬೆಳ್ಳಗೆ ಇರುವುದುಂಟೇ?

“ತೊಳಿಯೋವಾಗ ಏನು ಹಚ್ಚಿದ್ರವ್ವಾ?”

“ಜೆಲ್ ಹಚ್ಚಿ ನೀಲಿ ಲೈಟ್ ಹಿಡಿದ್ರು ಮೇಡಂ.”

ಅಲ್ಲಿಗೆ ಗಂಟು ಬಿಚ್ಚಿತು. ಅದು ತೊಳೆಯುವುದಲ್ಲ, ಬ್ಲೀಚಿಂಗ್. ಆ ಜೆಲ್‌ನಲ್ಲಿರುವ ಪೆರಾಕ್ಸೈಡ್‌ನಿಂದ ಹುಟ್ಟುವ ಆಮ್ಲಜನಕ ಕೆಲವು ದಿನ ಹಲ್ಲಿನ ಎನಾಮಲ್‌ನಲ್ಲೇ ಉಳಿದು, ಅಂಟು ಗಟ್ಟಿಯಾಗಲು ಬಿಡುವುದಿಲ್ಲ. ಎರಡು ವಾರವಾದರೂ ಕಾಯಬೇಕು. ಇವಳಿಗೆ ಮರುದಿನವೇ ಅಂಟಿಸಿದ್ದರು, ಉದುರಿದ ಮೇಲೆ ಮತ್ತೆ ಅಂಟಿಸಿದ್ದೂ ಎರಡು ವಾರದೊಳಗೇ.

ನಾನು ಆವತ್ತು ಏನೂ ಅಂಟಿಸಲಿಲ್ಲ. ಮೂರು ವಾರ ಬಿಟ್ಟು ಬರಲು ಹೇಳಿದೆ. ಸಾಬರಿಗೆ ಇದು ಸಾಗಹಾಕುವ ಮಾತಿನಂತೆ ಕೇಳಿಸಿತು.

“ಸಾಬ್ರೇ, ಹಸಿ ಟ್ಯೂಬಿಗೆ ಪ್ಯಾಚ್ ಹಾಕಿದ್ರ ನಿಲ್ತೈತೇನ್ರಿ?” ಅಂದೆ.

ಅವರು ಮಗಳ ಕಡೆ ತಿರುಗಿ ನೋಡಿದರು. ಆಮೇಲೆ, “ಹಂಗಾದ್ರ ಇಕೀದು ತಪ್ಪಿಲ್ಲೇನ್ರಿ?” ಅಂತ ಮೆಲ್ಲಗೆ ಕೇಳಿದರು. ಎಳ್ಳಷ್ಟೂ ಇಲ್ಲ ಅಂದೆ.

ಮೂರು ವಾರದ ಮೇಲೆ ಅಂಟಿಸಿದೆ. ತಿಂಗಳು ಬಿಟ್ಟು ಅಪ್ಪ-ಮಗಳು ಬಂದಾಗ ಒಂದು ಬ್ರಾಕೆಟ್ಟೂ ಅಲುಗಾಡಿರಲಿಲ್ಲ. ರೋಗಿಯನ್ನು ಸುಳ್ಳುಗಾರ ಅನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು, ಅದೂ ಅವರ ಮಾತಿನಲ್ಲೇ. ಈ ಕಸುಬು ನನಗೆ ಕಲಿಸಿದ್ದು ಅದು.

ಆ ತಪಾಸಣೆ ಮುಗಿದು ಹೊರಡುವಾಗ ನಸ್ರೀನ್, ಮೆತ್ತನೆ ರೊಟ್ಟಿ ತಿನ್ನಬಹುದಾ ಅಂತ ಕೇಳಿದಳು. ಸಾರಿನಲ್ಲಿ ನೆನೆಸಿ ತಿನ್ನು ಅಂದೆ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಸಾಬರು ಹಿಂತಿರುಗಿ, “ಹಂಗಾದ್ರ ನಾನೂ ಇವತ್ತು ತಿಂತೀನ್ರಿ,” ಅಂದರು. “ಅವತ್ತು ಇಕೀದು ತಪ್ಪಿಲ್ಲಂತ ನೀವು ಹೇಳಿದ ಮ್ಯಾಲೆ ನಾನೂ ಇಕಿ ಜೋಡಿ ಬರೇ ಅನ್ನನ ಉಂಡೀನಿ.”