ಕುರ್ಚಿ ತರಲು ಹೋದವರು

ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿದಾಗ ಏಳುವ ವಾಸನೆಯೇ ನನ್ನ ಬಾಲ್ಯದ ಬೆಳಗು. ಅಮ್ಮ ನನ್ನ ಶಾಲೆಯ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಅದೇ ವಾಸನೆ ಇಂದು, ಪತ್ರಿಕೆಗೆ ಬರೆಯಲೆಂದು ನಾನು ಬಂದಿರುವ ಪೊಲೀಸ್ ಠಾಣೆಯ ಹಿಂದಿನ ಕೋಣೆಯಲ್ಲಿದೆ. ರಾತ್ರಿ ಪಾಳಿ ಮುಗಿದರೂ ಹೆಡ್ ಕಾನ್‌ಸ್ಟೆಬಲ್ ಮನೆಗೆ ಹೋಗಿಲ್ಲ. ಹಗಲು ಪಾಳಿಯವರು ರಜೆ ಹಾಕಿದ್ದಾರೆ. ಇವರು ಬನಿಯನ್ನಿನಲ್ಲಿ ನಿಂತು ಖಾಕಿ ಅಂಗಿಯ ಸುಕ್ಕು ತೀಡುತ್ತಿದ್ದಾರೆ.

“ಅಂಗಿ ಮುದುಡಿದ್ರೆ ಮಕ್ಕಳಿಗೆ ನಾನು ಅವರಪ್ಪನ ಹಾಗೆ ಕಾಣ್ತೀನಿ, ಒಳ್ಳೇದೇ. ಸಾಹೇಬ್ರಿಗೆ ಹಾಗೆ ಕಾಣಲ್ವಲ್ಲ ಅಮ್ಮ,” ಎಂದು ನಗುತ್ತಾರೆ. ನಗುತ್ತಲೇ ಆಕಳಿಸುತ್ತಾರೆ.

ಬದುಕು ಸಾಕೆನಿಸಿ ಬಾಗಿಲು ಹಾಕಿಕೊಂಡ ಎಳೆಯರ ಸುದ್ದಿ ಬಂದರೆ ಠಾಣೆಯವರೆಲ್ಲ ಇವರ ಮುಖ ನೋಡುತ್ತಾರೆ. ಹದಿನೈದು ವರ್ಷದಿಂದ ಹೀಗೇ. ತಿಂಗಳಿಗೆ ನಾಲ್ಕೈದು ಕರೆ. ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಕೇಳುವುದೇ ಬೇಡ. ಜೊತೆಯವರು ಇಟ್ಟ ಅಡ್ಡಹೆಸರು ‘ಕುರ್ಚಿ ಮಾವ’.

ಅದಕ್ಕೆ ಕಾರಣವಿದೆ. ಜೀಪನ್ನು ಬೀದಿಯ ತಿರುವಿನಲ್ಲೇ ಬಿಟ್ಟು ನಡೆದು ಹೋಗುತ್ತಾರೆ. ಅಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲ ಮುಂದೆ ನೆರೆದಿರುತ್ತಾರೆ. ಇವರು ಗದರುವುದಿಲ್ಲ. ಒಬ್ಬರನ್ನು ಕುರ್ಚಿ ತರಲು, ಒಬ್ಬರನ್ನು ನೀರು ತರಲು ಅಟ್ಟುತ್ತಾರೆ. “ಬೈದ್ರೆ ಜನ ಸೇರ್ತಾರೆ, ಕೆಲಸ ಹೇಳಿದ್ರೆ ಕರಗ್ತಾರೆ. ಒಳಗಿರೋ ಮಗೂಗೆ ಆ ಗುಂಪಿನ ಎದುರು ಹೊರಗೆ ಬರೋದೇ ದೊಡ್ಡ ಭಯ.” ತಂದ ಕುರ್ಚಿಯಲ್ಲಿ ಇವರು ಕೂತದ್ದೇ ಇಲ್ಲ. ಕೂರುವುದು ನೆಲದ ಮೇಲೆ.

ಎಲ್ಲ ಬಾಗಿಲೂ ತೆರೆದಿಲ್ಲ. ಆ ಮಾತು ಬಂದಾಗ ಅಂಗಿ ತೊಟ್ಟು ನಿಧಾನ ಗುಂಡಿ ಹಾಕಿಕೊಳ್ಳುತ್ತಾರೆ. “ಒಂದು ಬೀದಿ ಇದೆ. ಈಗಲೂ ಸುತ್ತಿಕೊಂಡೇ ಹೋಗ್ತೀನಿ.”

ಅಷ್ಟರಲ್ಲಿ ಫೋನ್. ಕಾಲೇಜಿನ ಹುಡುಗಿಯೊಬ್ಬಳು ಗೆಳತಿಗೆ ‘ಇನ್ನು ಸಾಕು’ ಎಂದು ಬರೆದು ಕೋಣೆಯ ಅಗುಳಿ ಹಾಕಿಕೊಂಡಿದ್ದಾಳೆ. ಇವರು ವೈದ್ಯೆಗೆ ಹೇಳಿಕಳಿಸಿ ಹೊರಡುತ್ತಾರೆ. ನಾನೂ ಬರಲೇ ಎಂದರೆ, “ಬನ್ನಿ. ಪೆನ್ನು ಜೀಪಲ್ಲೇ ಇರಲಿ.”

ಎರಡನೇ ಮಹಡಿ. ಅಪ್ಪ ಬಾಗಿಲು ಗುದ್ದುತ್ತಿದ್ದಾರೆ: “ನಮ್ಮ ಮಾನ ಕಳೀಬೇಕು ಅಂತಲೇ ಇದೀಯೇನೇ?”

ಕಾನ್‌ಸ್ಟೆಬಲ್ ಆ ಅಪ್ಪನ ಕೈ ಹಿಡಿಯುತ್ತಾರೆ. “ಅಣ್ಣಾ, ಮಗು ರಾತ್ರಿ ಉಂಡಿಲ್ವಂತೆ. ಅವಳಿಗೆ ಏನಿಷ್ಟ?”

ಅಪ್ಪನಿಗೆ ಗೊತ್ತಿಲ್ಲ.

“ಅವಳಮ್ಮನ್ನ ಕೇಳಿ. ಆದ್ರೆ ನೀವೇ ಮಾಡಿ ತನ್ನಿ.”

ಮೆಟ್ಟಿಲ ಮೇಲಿನ ಗುಂಪೂ ಕುರ್ಚಿ, ನೀರು ಎಂದು ಚದುರುತ್ತದೆ. ಇವರು ಬಾಗಿಲಿಗೆ ಒರಗಿ ಕೂತು ಕೇಳುತ್ತಾರೆ: “ಸಾಯ್ಬೇಕು ಅನ್ನಿಸ್ತಿದೆಯಾ ಮಗಳೇ?”

ಒಳಗಿನಿಂದ, “ಹೂಂ.”

“ಹೇಳಿದ್ದು ಒಳ್ಳೇದಾಯ್ತು. ನಾನಿಲ್ಲೇ ಇರ್ತೀನಿ.”

“ಕೇಸ್ ಹಾಕ್ತೀರಾ?”

“ಇಲ್ಲಮ್ಮ. ಡಾಕ್ಟರಮ್ಮ ಬರ್ತಿದಾರೆ. ಆಸ್ಪತ್ರೆಗೆ ನಿನ್ನ ಜೊತೆ ನಾನೂ ಬರ್ತೀನಿ.”

“ಹೊರಗೆ ಯಾರ‍್ಯಾರಿದಾರೆ?”

ಅವರು ತಿರುಗಿ ನನ್ನನ್ನು ನೋಡುತ್ತಾರೆ. “ಅಮ್ಮ, ಕೆಳಗಿನ ಮನೇಲಿ ಒಂಚೂರು ಸಕ್ಕರೆ ಇಸ್ಕೊಂಡು ಬರ್ತೀರಾ?”

ಮಂಡಿನೋವು ಮರೆತು ಇಳಿಯುತ್ತೇನೆ. ಯಾರದೋ ಅಡುಗೆಮನೆಯಲ್ಲಿ ಸಕ್ಕರೆಯ ಲೋಟ ಹಿಡಿದು ನಿಂತಾಗಲೇ ಹೊಳೆಯುವುದು: ಮೇಲೆ ಯಾರಿಗೂ ಸಕ್ಕರೆ ಬೇಕಿರಲಿಲ್ಲ. ಪಕ್ಕದಲ್ಲಿ ಮನೆಯಾಕೆ, ಕೈಯಲ್ಲಿ ಕುರ್ಚಿ. “ಇಲ್ಲೇ ಇರೋಣ ಅಕ್ಕ,” ಎನ್ನುತ್ತಾಳೆ. “ನಾವು ಹೋಗಿ ನೋಡೋದು ಏನಿದೆ?” ಆ ಕುರ್ಚಿಯಲ್ಲಿ ನನ್ನನ್ನೇ ಕೂರಿಸುತ್ತಾಳೆ.

ವೈದ್ಯೆ ಮೆಟ್ಟಿಲು ಹತ್ತಿ ಎಷ್ಟೋ ಹೊತ್ತಾದ ಮೇಲೆ ಕಾನ್‌ಸ್ಟೆಬಲ್ ಮೆಟ್ಟಿಲ ಮೇಲಿಂದ ಕೆಳಗೆ ಬಗ್ಗಿ ನನ್ನನ್ನು ಕರೆಯುತ್ತಾರೆ. ಬಾಗಿಲು ತೆರೆದಿದೆ. ಹುಡುಗಿ ವೈದ್ಯೆಯ ಪಕ್ಕ, ಹೊಸ್ತಿಲ ಒಳಗೆ ಕೂತಿದ್ದಾಳೆ. ಇವರು ಹೊಸ್ತಿಲ ಹೊರಗೆ, ಇಸ್ತ್ರಿ ಮಾಡಿದ ಅಂಗಿ ಮತ್ತೆ ಮುದುಡಿದೆ.

“ಠಾಣೇಲಿ ಒಂದು ಸಣ್ಣ ಕೋಣೆ ಸಿಕ್ಕರೆ ಸಾಕು,” ಎನ್ನುತ್ತಾರೆ ನನಗಷ್ಟೇ ಕೇಳುವಂತೆ. “ಇಂಥ ಮಕ್ಕಳು ಆಸ್ಪತ್ರೆಯಿಂದ ಬಂದು ಯಾವಾಗ ಬೇಕಾದ್ರೂ ಸುಮ್ನೆ ಕೂತು ಹೋಗೋಕೆ.”

ಅಪ್ಪ ತಟ್ಟೆ ಹಿಡಿದು ಬರುತ್ತಾರೆ. ಅಂಚು ಸೀದ ಮೊಟ್ಟೆ. ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಗುರುತು. ಒಮ್ಮೆ ಕಾನ್‌ಸ್ಟೆಬಲ್ ಮುಖ ನೋಡುತ್ತಾರೆ. ನೆಲಕ್ಕೆ ಕೂತು ತಟ್ಟೆಯನ್ನು ಮಗಳ ಕೈಗೆ ಕೊಡುತ್ತಾರೆ.